ಅಕ್ಕನ ಅಳತೆ

ಆಗಸ್ಟ್ 3, ಭಾನುವಾರ

ಅಕ್ಕ ಬರ್ತಿದಾಳೆ, ಗೌರಿ ಹಬ್ಬಕ್ಕೆ, ಅದೂ ಫ್ಲೈಟಲ್ಲಿ! ಕುಣಿಯಬೇಕು ಅನ್ನಿಸ್ತಿದೆ. ಕೆಳಗಿನ ರೂಮಲ್ಲಿ ಮಾವ ಮಲಗಿದ್ದಾರೆ, ಮೇಲೆ ದಡಬಡ ಕೇಳಿದರೆ ಏನಂದುಕೊಂಡಾರು ಅಂತ ಕೂತು ಬರೀತಿದೀನಿ.

ಟಿಕೆಟ್ ಮಾಡಿಸಿದ್ದು ಗೌರೀಶ್. ನಾನು ಬಾಯಿ ಬಿಟ್ಟು ಕೇಳಿರಲೂ ಇಲ್ಲ. ತಾನೇ ಲ್ಯಾಪ್‌ಟಾಪ್ ತೆಗೆದು, ಬೆಳಗಾವಿಯಿಂದ ನಿಮ್ಮಕ್ಕ ರಾತ್ರಿಯೆಲ್ಲ ರೈಲಲ್ಲಿ ಯಾಕೆ ಕೂತು ಬರಬೇಕು ಅಂದ. ಇಂಥ ಗಂಡ! ಅಕ್ಕ ಈವರೆಗೆ ವಿಮಾನ ಹತ್ತಿದವಳಲ್ಲ. ಫೋನ್ ಮಾಡಿ ಹೇಳಿದೆ. ಮೆಲ್ಲಗೆ, "ಕಿಟಕಿ ಸೀಟಾ?" ಅಂದಳು.

ಮದುವೆಯಾದ ಮೇಲಿನ ಮೊದಲ ಗೌರಿ. ತವರಿಂದ ಬಾಗಿನ ಬರಬೇಕು. ನನಗೆ ತವರು ಅಂದರೆ ಬಿಂದು ಅಕ್ಕ, ಅಷ್ಟೇ. ಅಪ್ಪನ ಮುಖ ನೆನಪಿಲ್ಲ. ಅಮ್ಮ ಹೋದಾಗ ನಾನು ಒಂಬತ್ತನೇ ಕ್ಲಾಸು. ಅಕ್ಕ ಆಗಷ್ಟೇ ಲೆಕ್ಚರರ್ ಆಗಿ ಬೆಳಗಾವಿಗೆ ಹೋಗಿದ್ದಳು, ನನ್ನನ್ನೂ ಕರಕೊಂಡು ಹೋದಳು. ಅವಳು ಬಂದು ಈ ಹಾಲಲ್ಲಿ ಕೂತರೆ, ನಾನೂ ಒಂದು ಮನೆಯಿಂದ ಬಂದವಳು ಅಂತ ಇವರಿಗೆಲ್ಲ ಗೊತ್ತಾಗುತ್ತೆ. ಬೇರೇನೂ ಬೇಡ.

ಮಾವನಿಗೂ ಖುಷಿ. ಅಕ್ಕ ಅಂದರೆ ಅವರಿಗೆ ತುಂಬ ಇಷ್ಟ. ಬೀಗರ ಊಟದ ದಿನ ಅವಳ ಎಲೆ ಮುಂದೇ ನಿಂತಿದ್ದರು. ಅಕ್ಕ ಸಾಕು ಸಾಕು ಅಂತ ಕೈ ಅಡ್ಡ ಹಿಡಿದರೂ ಇನ್ನೊಂದು ಮುದ್ದೆ, ಮೇಲೆ ಸೌಟು ಸೌಟು ಮಟನ್ ಸಾರು. ಬೀಗರು ಎಲೆ ಮಡಚಿದರೆ ನಮ್ಮ ಮರ್ಯಾದೆ ಹೋಗುತ್ತೆ ಬಿಂದಮ್ಮ, ನೀವು ಊಟ ಮಾಡೋದು ನೋಡೋದೇ ಒಂದು ಚೆಂದ — ಅಂತ ಇಡೀ ಪಂಕ್ತಿಗೆ ಕೇಳುವ ಹಾಗೆ. ಅಕ್ಕ ಬೆವರುತ್ತಾ, ನಗುತ್ತಾ, ತಿಂದಳು. ನನಗೋಸ್ಕರ.

ಆಗಸ್ಟ್ 9, ಶನಿವಾರ

ವರಮಹಾಲಕ್ಷ್ಮಿ ಮುಗೀತು. ಕಾಲು ನೋವು. ಬರೆಯೋಕೆ ಟೈಮಿಲ್ಲ, ಆದರೂ ಇದೊಂದು —

ಅಕ್ಕ ಫೋನ್ ಮಾಡಿದ್ದಳು. ವಿಮಾನದ ಸೀಟ್ ಬೆಲ್ಟ್ ನನಗೆ ಸಾಲುತ್ತೇನೇ ಅಂತ ಕೇಳಿದಳು, ತಮಾಷೆ ಥರ. ತಮಾಷೆ ಅಲ್ಲ ಅಂತ ನನಗೆ ಗೊತ್ತು. ಸಾಲದಿದ್ದರೆ ಉದ್ದದ್ದು ಕೊಡ್ತಾರೆ, ಕೇಳಿದರೆ ಸಾಕು ಅಂದೆ. ಪಕ್ಕದಲ್ಲಿದ್ದ ಗೌರೀಶ್, "ಅದೆಲ್ಲ ನಾನು ನೋಡ್ಕೊಂಡಿದೀನಿ, ಟೆನ್ಶನ್ ಬೇಡ ಅನ್ನು" ಅಂದ. ಎಷ್ಟು ಮುದ್ದು ಬಂತು ಅಂದರೆ ಫೋನ್ ಇಡೋಕೂ ಕಾಯದೆ ಮುತ್ತು ಕೊಟ್ಟೆ. ಅಕ್ಕನಿಗೆ ಕೇಳಿಸಿತು. "ಥೂ, ಇಡೇ" ಅಂತ ನಕ್ಕಳು.

ಆಗಸ್ಟ್ 23, ಶನಿವಾರ. ಸಂಜೆ

ಅಕ್ಕ ಬರಲಿಲ್ಲ.

ಏರ್‌ಪೋರ್ಟಲ್ಲಿ ಮಲ್ಲಿಗೆ ಹಿಡಿದು ನಿಂತಿದ್ದೆ. ಬೆಳಗಾವಿ ಫ್ಲೈಟಿನ ಜನ ಬಂದು, ಟ್ಯಾಕ್ಸಿ ಹತ್ತಿ, ಖಾಲಿಯಾದರು. ಅವಳ ಫೋನ್ ಆಫ್. ವಾಪಸ್ ಬರುವಾಗ ಹೆಬ್ಬಾಳದ ಹತ್ತಿರ ಅವಳೇ ಮಾಡಿದಳು. ಅಳಲಿಲ್ಲ. ಪಾಠ ಮಾಡುವ ದನಿಯಲ್ಲೇ ಹೇಳಿದಳು.

ಕೌಂಟರಿನವರು ಹೆಸರು ಕೂಗಿ ಕ್ಯೂನಿಂದ ಈಚೆಗೆ ಕರೆದರಂತೆ. ಸೂಟ್‌ಕೇಸ್ ಸೈಜ್ ನೋಡೋಕೆ ಒಂದು ಕಬ್ಬಿಣದ ಚೌಕಟ್ಟು ಇರುತ್ತಲ್ಲ, ಅದರ ಪಕ್ಕ ಒಂದು ವಿಮಾನದ ಸೀಟು. ಎಲ್ಲರಿಗೂ ಕಾಣುವ ಹಾಗೆ. ಕೂತು ತೋರಿಸಿ ಮೇಡಂ ಅಂದರಂತೆ. ಅಕ್ಕ ಕೂತಳು. ಹೊಸ ಇಳಕಲ್ ಸೀರೆ, ತೊಡೆಯ ಮೇಲೆ ಬಾಗಿನದ ಮೊರ. ಕ್ಯೂನಲ್ಲಿ ಯಾರೋ ಫೋನ್ ಎತ್ತಿ ಹಿಡಿದರಂತೆ.

"ಕೂತೆ ಕಣೇ ಲಾಸ್ಯಾ. ಸೀಟಿನ ಕೈ ಎರಡೂ ಕೆಳಗಿಳೀತು. ಬೆಲ್ಟೂ ಹಾಕ್ಕೊಂಡೆ. ಆದ್ರೂ ಎರಡನೇ ಸೀಟಿಗೆ ಕಟ್ಟಿ ಅಂದ್ರು."

ಹಿಡಿಸಿದ ಮೇಲೂ ಯಾಕಂತೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ರೂಲ್ ಅಂತೆ ಬಿಡು ಅಂದಳು. ಜಗಳ ಬೇಡ ಅಂತ ಕಟ್ಟಿಯೂ ಬಿಟ್ಟಳಂತೆ, ನನ್ನ ಹಬ್ಬ ತಪ್ಪಬಾರದು ಅಂತ. ಆಮೇಲೆ ಎರಡು ಬೋರ್ಡಿಂಗ್ ಪಾಸ್ ಕೈಗೆ ಬಂತು. ಎರಡರ ಮೇಲೂ ಅವಳದೇ ಹೆಸರು. ನೋಡ್ತಾ ನಿಂತಳಂತೆ. ಎರಡನ್ನೂ ಹರಿದು, ಆಟೋ ಹತ್ತಿ ಮನೆಗೆ ಹೋದಳು.

ಹೇಸಿಗೆ. ಬೇರೆ ಪದ ಸಿಗ್ತಿಲ್ಲ. ಆ ಸೀಟನ್ನು ಅಲ್ಲಿ ತಂದಿಟ್ಟವರು ಯಾರು? ಒಂದು ಮೀಟಿಂಗ್ ಆಗಿರುತ್ತೆ, ಬಿಸ್ಕೆಟ್ ತಿಂದಿರ್ತಾರೆ, ಎಲ್ಲಿಟ್ಟರೆ ಚೆನ್ನ ಅಂತ ಮಾತಾಡಿರ್ತಾರೆ.

ಗೌರೀಶ್ ಡ್ರೈವ್ ಮಾಡುತ್ತಾ, ಹತ್ತಿ ಬಂದುಬಿಡಬೇಕಿತ್ತು ಅವರು, ದುಡ್ಡು ನಾನು ಕೊಡ್ತಿದ್ದೆ ಅಂದ. ಮಲ್ಲಿಗೆ ಹಿಂದಿನ ಸೀಟಲ್ಲಿ ಬಾಡ್ತಿತ್ತು.

ಆಗಸ್ಟ್ 24, ಭಾನುವಾರ

ಬೆಳಗ್ಗೆ ತಿಂಡಿ. ಅತ್ತೆ ಮಾಡಿದ ಇಡ್ಲಿ, ವಡೆ. ಬರೀತೀನಿ, ಇಲ್ಲದಿದ್ದರೆ ತಲೆ ಸಿಡಿಯುತ್ತೆ.

ಮಾವನಿಗೆ ಪಾಪ ಅನ್ನಿಸಿತ್ತು. ಆದರೆ ವಿಷಯ ತಿರುಗಿದ್ದು ಹೇಗೋ, ಬಾಡಿಗೆಗೆ ಬಂತು. ಇವರದು ಪಾರ್ಸೆಲ್ ಸರ್ವಿಸ್. ಕಲಾಸಿಪಾಳ್ಯದಲ್ಲಿ ಆಫೀಸು, ಬೆಳಗಾವಿವರೆಗೂ ಲಾರಿ. "ತೂಕ ಜಾಸ್ತಿ ಇದ್ರೆ ಬಾಡಿಗೆ ಜಾಸ್ತಿ ಕಣಮ್ಮ. ದೊಡ್ಡ ಡಬ್ಬಕ್ಕೂ ಸಣ್ಣ ಡಬ್ಬಕ್ಕೂ ಒಂದೇ ರೇಟ್ ಅಂದ್ರೆ ನಾವು ಲಾರಿ ಓಡಿಸೋದು ಹೇಗೆ?" ಅಂದರು. ಅನ್ನುತ್ತಲೇ ನನ್ನ ತಟ್ಟೆಗೆ ಇನ್ನೊಂದು ವಡೆ ಹಾಕಿದರು.

ಗೌರೀಶ್ ಶುರುಮಾಡಿದ. ವಿಮಾನ ಅಂದರೆ ತೂಕ, ತೂಕ ಅಂದರೆ ಇಂಧನ. ನಿನ್ನ ನಲವತ್ತೆಂಟು ಕೆಜಿಗೂ ಅದೇ ಟಿಕೆಟ್, ಅದು ಫೇರಾ? ಪಕ್ಕದಲ್ಲಿ ಕೂತವನೂ ಪೂರ್ತಿ ದುಡ್ಡು ಕೊಟ್ಟಿರ್ತಾನೆ, ಅವನ ಅರ್ಧ ಸೀಟು ಹೋದ್ರೆ? ಸೂಟ್‌ಕೇಸ್ ಒಂದು ಕೆಜಿ ಹೆಚ್ಚಾದ್ರೂ ಕಟ್ಟಲ್ವಾ ನಾವು? ತಣ್ಣಗೆ, ಚಟ್ನಿ ನೆಕ್ಕುತ್ತಾ. ಸೀಟುಗಳನ್ನ ವರ್ಷ ವರ್ಷ ಇಕ್ಕಟ್ಟು ಮಾಡಿದ್ದು ಅಕ್ಕ ಅಲ್ಲ, ಪಕ್ಕದವನ ಸೀಟು ತಿಂದವರು ಆ ಕಂಪನಿಯವರು ಅಂತ ಈಗ ಹೊಳೀತಿದೆ. ಆಗ ಹೇಳಿದ್ದು ಇಷ್ಟೇ: "ಸೂಟ್‌ಕೇಸಾದ್ರೆ ಒಂದೆರಡು ಸೀರೆ ತೆಗೆದಿಟ್ಟು ಬರಬಹುದು. ಅಕ್ಕ ಏನನ್ನ ಮನೇಲಿಟ್ಟು ಬರಬೇಕಿತ್ತು?"

ಅವನು ನನ್ನ ಕೈ ಹಿಡಿದುಕೊಂಡ. ತತ್ವ ಬೇರೆ, ಅಕ್ಕ ಬೇರೆ ಅಂದ. ಅಕ್ಕನಿಗೆ ಅವಮಾನ ಆಗಬಾರದು ಅಂತಲೇ ಬುಕ್ ಮಾಡುವಾಗ ಡಿಕ್ಲೇರ್ ಮಾಡಿದ್ದೆ ಅಂದ.

ಏನು ಡಿಕ್ಲೇರ್?

ವೆಬ್‌ಸೈಟಲ್ಲಿ ಕೇಳಿತ್ತಂತೆ, ಪ್ರಯಾಣಿಕರಿಗೆ ಹೆಚ್ಚಿನ ಜಾಗ ಬೇಕಾಗಬಹುದೇ ಅಂತ. ಟಿಕ್ ಮಾಡಿದ. ತೂಕ ಕೇಳಿತು, ಅಗಲ ಕೇಳಿತು. ಕೊಟ್ಟ. ನಿನಗೆ ಹೇಗೆ ಗೊತ್ತು ಅವಳ ಅಳತೆ ಅಂದೆ.

"ಮದುವೆ ಫೋಟೋ ಇದೆಯಲ್ಲ. ನೀನು ಪಕ್ಕದಲ್ಲೇ ನಿಂತಿದೀಯ. ನಿನ್ನ ತೂಕ ಗೊತ್ತು, ಅದರ ಮೇಲೆ ಅಂದಾಜು ಮಾಡ್ದೆ."

ಮಾವ ತಲೆಯಾಡಿಸಿದರು. ಅಳತೆ ಮೊದಲೇ ಬರೆದುಕೊಟ್ಟರೆ ಡೆಲಿವರೀಲಿ ತಕರಾರು ಇರಲ್ಲ, ಆಫೀಸಲ್ಲಿ ನಾನು ಕಲಿಸಿದ್ದೇ ಅದು ಅಂದರು.

ಬಾಯಲ್ಲಿ ವಡೆ ಇತ್ತು. ನುಂಗೋಕಾಗಲಿಲ್ಲ. ಓಡಿಹೋಗಿ ಬಚ್ಚಲಲ್ಲಿ ಉಗಿದೆ. ಹೊಟ್ಟೆಯಲ್ಲಿದ್ದದ್ದೂ ಬಂತು. ಮುಖ ತೊಳೆದು ತಿರುಗಿದರೆ ಬಾಗಿಲಲ್ಲಿ ಅಪ್ಪ ಮಗ ಇಬ್ಬರೂ ಮುಖ ಅರಳಿಸಿಕೊಂಡು ನಿಂತಿದ್ದಾರೆ. "ಏನಮ್ಮ, ವಿಶೇಷಾನಾ?" ಅಂದರು ಮಾವ.

ಥೂ.

ಸಂಜೆ

ಈಗ ಅರ್ಥವಾಗ್ತಿದೆ ಅಕ್ಕ ಫೋನಲ್ಲಿ ಯಾಕೆ ಸುಮ್ಮನಾದಳು ಅಂತ. ಮಾಡಿದೆ. ಮೂರನೇ ಸಲಕ್ಕೆ ಫೋನ್ ಎತ್ತಿದಳು. ನಿಮ್ಮ ಮನೆಯವರೇ ಬರೆದುಕೊಟ್ಟಿದ್ದಾರಲ್ಲ ಮೇಡಂ, ಅಂತ ಕೌಂಟರಿನ ಹುಡುಗಿ ಸ್ಕ್ರೀನ್ ತಿರುಗಿಸಿ ತೋರಿಸಿದಳಂತೆ. ನನಗೆ ಗೊತ್ತಿರಲಿಲ್ಲ ಅಕ್ಕ ಅಂದೆ.

"ನೀನು ಪಕ್ಕದಲ್ಲೇ ಇದ್ದೆ ಅಂದಿದ್ದೆ, ಬುಕ್ ಮಾಡುವಾಗ."

ಇದ್ದೆ. ಅವನ ಭುಜದ ಮೇಲೆ ತಲೆಯಿಟ್ಟು ಸೀರೆಯ ರೀಲ್ಸ್ ನೋಡ್ತಿದ್ದೆ. ಅದನ್ನೇ ಹೇಳಿದೆ. ಹಬ್ಬ ಚೆನ್ನಾಗಿ ಮಾಡು ಅಂದು ಇಟ್ಟುಬಿಟ್ಟಳು. ಆ ದನಿ ನನಗೆ ಗೊತ್ತು. ಅಮ್ಮನ ಕಡೆಯವರ ಜೊತೆ ಮಾತು ಬಿಟ್ಟಾಗಿನ ದನಿ. ಅವರ ಮನೆಗೆ ಇವತ್ತಿಗೂ ಕಾಲಿಟ್ಟಿಲ್ಲ ಅವಳು.

ಹೂವಿಗೆ ಅಂತ ಗಾಂಧಿ ಬಜಾರಿಗೆ ಹೋಗಿದ್ದೆ. ಎದುರು ಬಂದವರನ್ನೆಲ್ಲ ಕಣ್ಣು ತಾನೇ ತೂಗ್ತಿದೆ. ಈ ಹೆಂಗಸು ಒಂದು ಸೀಟು, ಆ ಯಜಮಾನರು ಒಂದೂವರೆ. ನನ್ನ ಕಣ್ಣೇ ನನಗೆ ಅಸಹ್ಯ. ಮನೆಯಲ್ಲಿ ಅವನು ಹಿಂದಿನಿಂದ ಬಂದು ಸೊಂಟ ಬಳಸಿದ. ಅಳತೆ ತಗೋತಿದ್ದಾನೆ ಅನ್ನಿಸಿತು. ಬಿಡಿಸಿಕೊಂಡೆ.

ಆಗಸ್ಟ್ 25, ಸೋಮವಾರ. ಮಧ್ಯಾಹ್ನ

ಹನ್ನೊಂದು ಗಂಟೆಗೆ ಮಾವ ಆಫೀಸಿಂದ ವಾಪಸ್ ಬಂದರು. ಎಂದೂ ಬರದ ಹೊತ್ತು. ಕೈಯಲ್ಲಿ ಗೋಣಿ ಹೊಲಿದ ಒಂದು ಡಬ್ಬ, ಮೇಲೆ ಅಕ್ಕನ ಅಕ್ಷರ. ಅವಳು ಬಾಗಿನವನ್ನ ಮಾವನ ಬೆಳಗಾವಿ ಬ್ರಾಂಚಲ್ಲೇ ಬುಕ್ ಮಾಡಿದ್ದಾಳೆ. ಉದ್ದ, ಅಗಲ, ಎತ್ತರ ಬರೆದಿದ್ದಾಳೆ. ತೂಕ ಬರೆದಿದ್ದಾಳೆ. ಒಳಗಿರುವ ವಸ್ತು ಅನ್ನುವಲ್ಲಿ — ತವರು.

ಮಾವ ಅದನ್ನ ಹಿಡಿದು ಹೊಸಿಲ ಹೊರಗೇ ನಿಂತಿದ್ದರು. ಹಬ್ಬಕ್ಕೆ ರಜೆ ಹಾಕಿ ಮನೆಯಲ್ಲೇ ಇದ್ದ ಗೌರೀಶ್‌ನ ಕರೆದು, "ಇದಕ್ಕೆ ನಮ್ಮೋರು ಬಾಡಿಗೆ ಈಸ್ಕೊಂಡಿದಾರೆ ಕಣೋ" ಅಂದರು. ಗೌರೀಶ್, ಅಕ್ಕ ಸ್ವಲ್ಪ ಓವರ್ ಮಾಡ್ತಿದಾರೆ ಅಂದ. ಒಳಗೆ ತಗೊಂಡು ಬನ್ನಿ ಅಪ್ಪ, ಏನಾಗಲ್ಲ ಅಂದ.

ಆಗ ಅತ್ತೆ ಬಂದರು. ನಿನ್ನೆ ತಿಂಡಿಯ ಮಾತೆಲ್ಲ ಅಡಿಗೆಮನೆಯಿಂದಲೇ ಕೇಳಿಸಿಕೊಂಡಿದ್ದರು. ಅವರ ಕೈಯೆಲ್ಲ ಅರಿಶಿನ.

"ಒಳಗೆ ತರಬೇಡಿ. ಬಾಗಿನ ಸೆರಗಿಂದ ಸೆರಗಿಗೆ ಬರಬೇಕು. ಲಾರೀಲಿ ಬಂದಿದ್ದು ಲೋಡು. ನಾನು ಇಳಿಸ್ಕೊಳ್ಳಲ್ಲ." ನನ್ನ ಕಡೆ ತಿರುಗಿದರು. "ಲಾಸ್ಯಾ, ಎತ್ಕೊಂಡು ಹೋಗು. ನಿಮ್ಮಕ್ಕನ ಕೈಗೆ ಕೊಟ್ಟು, ಅವರ ಕೈಯಿಂದ ತಗೋ. ಇಲ್ಲಿ ಗೌರಿ ಕೂರಿಸೋದು ನಾನು ನೋಡ್ಕೋತೀನಿ."

ಮಾವ ಗಾಬರಿಯಾದರು. ಮೊದಲನೇ ಹಬ್ಬಕ್ಕೆ ಸೊಸೆ ಮನೆಯಲ್ಲಿಲ್ಲ ಅಂದರೆ ಬಂದವರಿಗೆ ಏನು ಹೇಳೋದು ಅಂದರು.

"ತೂಕ ಜಾಸ್ತಿ ಆಯ್ತು, ಇಳಿಸಿದ್ವಿ ಅನ್ನಿ" ಅಂದರು ಅತ್ತೆ. ಒಳಗೆ ಹೋಗಿ ಅರಿಶಿನ ಕಲಸೋದು ಮುಂದುವರಿಸಿದರು.

ನಾಲ್ಕು ಗಂಟೆ

ಪ್ಯಾಕಿಂಗ್. ಡಬ್ಬ ಬಿಚ್ಚಿಲ್ಲ. ನನ್ನ ಬ್ಯಾಗಿಗಿಂತ ದೊಡ್ಡದು, ತೊಡೆ ಮೇಲೆ ಇಟ್ಟುಕೊಂಡೇ ಹೋಗ್ತೀನಿ.

ಗೌರೀಶ್ ಮಂಚದ ತುದಿಯಲ್ಲಿ ಕೂತಿದ್ದ. ಸಂಜೆ ಫ್ಲೈಟಿದೆ, ಬುಕ್ ಮಾಡ್ತೀನಿ ಅಂದ. ನಿನಗೇನೂ ತೊಂದರೆ ಆಗಲ್ಲ ಅಂದ. ಅದನ್ನೇ ಕೇಳಿ ಮೈ ಉರೀತು. ತೊಂದರೆ ಆಗಲ್ಲ ಅಂತ ಗೊತ್ತಿರೋದೇ ಅಸಹ್ಯ. ಸಾರಿ ಅಂತ ಅಕ್ಕನಿಗೆ ಬರೆದು ಕಳಿಸ್ಲಾ ಅಂದ. ನೀನು ಬರೆದುಕೊಟ್ಟಿದ್ದು ಸಾಕು, ಯಾವತ್ತಾದರೂ ಎದುರಿಗೆ ಹೋಗಿ ನಿಂತು ಹೇಳು ಅಂದೆ. ಕಣ್ಣು ಕೆಂಪಾಯಿತು ಅವನಿಗೆ. ಪ್ರೀತಿ ಎಲ್ಲೂ ಹೋಗಿಲ್ಲ, ಹಾಳಾದ್ದು, ಇಲ್ಲೇ ಇದೆ. ಆದರೂ ಅವನು ಮಡಚಿಕೊಟ್ಟ ಸೀರೆಯನ್ನ ಮತ್ತೆ ಬಿಚ್ಚಿ ನಾನೇ ಮಡಚಿದೆ.

ತತ್ಕಾಲಲ್ಲಿ ಒಂದು ಬರ್ತ್ ಸಿಕ್ಕಿದೆ. ಅಕ್ಕನಿಗೆ ಮೆಸೇಜ್ ಹಾಕಿದೆ. ಬಾಗಿನ ಬಿಚ್ಚಿಲ್ಲ, ನಾನೇ ತರ್ತಿದೀನಿ, ಬಾಗಿಲು ತೆಗೀತೀಯಾ ಅಂತ.

ನೋಡಿದಳು. ಎರಡು ನೀಲಿ ಗೆರೆ. ಕುಕ್ಕರ್ ಕೂಗಿತು, ಬೀದಿಯಲ್ಲಿ ಬಾಳೆಕಂದಿನವನು ಹೋದ. ಬ್ಯಾಗಿನ ಜಿಪ್ ಹಾಕಿದೆ, ತೆಗೆದೆ, ಹಾಕಿದೆ.

ಈಗ ಬಂತು ಉತ್ತರ.

"ಕಿಟಕಿ ಸೀಟಾ?"

ಅದರ ಕೆಳಗೆ ಇನ್ನೊಂದು. ಯಾವತ್ತು, ಯಾವ ರೈಲು, ಸ್ಟೇಷನ್ನಿಗೆ ಬರ್ತೀನಿ ಅಂತ.

ಬರೆದೆ — ನಾಳೆ, ಮಂಗಳವಾರ ಬೆಳಗ್ಗೆ, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್.