ಮೂರು ಅರ್ಜಿ, ಒಂದೇ ಮುಖ

ವಿಜಯನಗರ
14-11-2007

ಮಗಳು ಚೇತನಾಳಿಗೆ,

ಹುಬ್ಬಳ್ಳಿಗೆ ವರ್ಗವಾದ ನಿನ್ನನ್ನು ಬಸ್ಸು ಹತ್ತಿಸುವಾಗಲೇ ಇದನ್ನು ಹೇಳಬೇಕೆಂದಿದ್ದೆ. ಚಿತ್ರಾನ್ನದ ಡಬ್ಬಿ ಮಾತ್ರ ಕೈಗಿಟ್ಟೆ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರವರ ಮಾತು ಜೋಡಿಸಿದವನಿಗೆ ಸ್ವಂತ ಮಗಳ ಮುಂದೆ ಮಾತು ಹೊರಡುವುದಿಲ್ಲ.

ನಿಮ್ಮ ಮೊಬೈಲ್ ಕಂಪನಿಗೆ ಹೆಗ್ಗನಹಳ್ಳಿಯ ಅಕ್ಕವ್ವ ಅಳುತ್ತಾ ಬಂದಿದ್ದನ್ನು ನೀನು ಊಟಕ್ಕೆ ಕೂತಾಗ ಹೇಳಿದ್ದೆ. ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಆಕೆಯ ಹೆಸರಿನ ನಂಬರುಗಳಿಂದ ಯಾರೋ ‘ಲಾಟರಿ ಹೊಡೆದಿದೆ’ ಎಂದು ವಯಸ್ಸಾದವರಿಗೆ ಮೋಸ ಮಾಡುತ್ತಿದ್ದರು. ಪೊಲೀಸರು ಎರಡು ಸಲ ಆಕೆಯ ಮನೆಗೆ ಹೋಗಿದ್ದರು. “ನನ್ನ ಹತ್ರ ಫೋನೇ ಇಲ್ರೀ, ನಾ ಹೆಂಗ ಮಾತಾಡ್ಲಿ?” ಎಂದಳಂತೆ.

ನೀವು ಒಂದು ನಂಬರು ನಿಲ್ಲಿಸಿದರೆ ಮರುದಿನ ಇನ್ನೊಂದು ಕಂಪನಿಯ ನಂಬರಿನಿಂದ ಅದೇ ಮೋಸ. ಆ ಕಂಪನಿಗಳವರನ್ನು ಕೇಳೋಣ ಎಂದರೆ, ಪ್ರತಿಸ್ಪರ್ಧಿಗಳ ಜೊತೆ ಮಾತೇ ಬೇಡ ಎಂದು ನಿಮ್ಮ ಮ್ಯಾನೇಜರ್ ಕಶ್ಯಪ್ ಗದರಿಸಿದರು. ನಾನೂ “ಕೆಲಸ ಹೋಗುತ್ತೆ ಕಣೇ, ಸುಮ್ನಿರು” ಅಂದೆ. ಆ ಮಾತಿಗೆ ಇವತ್ತಿಗೂ ನಾಚುತ್ತೇನೆ.

ನೀನು ಸುಮ್ಮನಿರಲಿಲ್ಲ. ಮತ್ತೆ ಕಶ್ಯಪ್ ಮುಂದೆ ನಿಂತು, “ಸಾರ್, ಕಳ್ಳ ಮೂರು ಕಂಪನಿಗೂ ಒಬ್ಬನೇ. ನಾವ್ ಮಾತ್ರ ಬೇರೆ ಬೇರೆ ಕೂತಿದೀವಿ” ಎಂದೆಯಂತೆ. ನಾಲ್ಕು ದಿನ ಕಾಯಿಸಿ ಅವರು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದರು.

ಉಳಿದೆರಡು ಕಂಪನಿಯವರನ್ನೂ ಕರೆದು, ಪೊಲೀಸ್ ಠಾಣೆಯ ಮೇಜಿನ ಮೇಲೆ ಮೂರೂ ಕಂಪನಿಗಳ ಸಿಮ್ ಅರ್ಜಿಗಳನ್ನು ಒಟ್ಟಿಗೆ ಹರಡಿದಿರಿ. ಮೂರರಲ್ಲೂ ಅಕ್ಕವ್ವನ ಅದೇ ಫೋಟೋ, ಸಿಮ್ ಮಾರುವ ಒಂದೇ ಜೆರಾಕ್ಸ್ ಅಂಗಡಿಯ ಮೊಹರು. ಹೆಬ್ಬೆಟ್ಟು ಒತ್ತುವ ಹೆಂಗಸಿಗೆ ಬಳುಕಿಸಿ ಬರೆದ ಇಂಗ್ಲಿಷ್ ಸಹಿ! ಗ್ಯಾಸ್ ಕನೆಕ್ಷನ್ನಿಗೆಂದು ಆಕೆ ಆ ಜೆರಾಕ್ಸ್ ಅಂಗಡಿಗೆ ಕೊಟ್ಟಿದ್ದ ಫೋಟೋ ಅದು. ಅಂಗಡಿಯವನು ಸಿಕ್ಕಿಬಿದ್ದ, ಮೋಸದ ಫೋನು ಮಾಡುತ್ತಿದ್ದವರನ್ನೂ ತೋರಿಸಿದ. ಅವನು ಮಾರಿದ್ದ ಸುಳ್ಳು ನಂಬರುಗಳನ್ನು ಮೂರೂ ಕಂಪನಿಗಳು ಒಂದೇ ದಿನ ನಿಲ್ಲಿಸಿದವು. ಅಕ್ಕವ್ವನ ತಪ್ಪಿಲ್ಲವೆಂದು ಪೊಲೀಸರು ಬರೆದುಕೊಟ್ಟರು. ಅಂದಿನಿಂದ ಒಬ್ಬರು ಕೈಬಿಟ್ಟ ಅಂಗಡಿಗೆ ಉಳಿದಿಬ್ಬರೂ ಸಿಮ್ ಕೊಡುತ್ತಿಲ್ಲ. ಪ್ರತಿ ಶುಕ್ರವಾರ ಮೂರೂ ಕಂಪನಿಯವರು ಅಂಥ ಅಂಗಡಿಗಳ ಪಟ್ಟಿ ಹೋಲಿಸಿ ನೋಡುತ್ತಾರೆ.

ನಿನ್ನೆ ಆ ಠಾಣೆಯ ರೈಟರ್ ಮುನಿಯಣ್ಣ ಮಾರ್ಕೆಟ್ಟಿನಲ್ಲಿ ಎದುರಾಗಿ, “ಚೇತನಾ ಮೇಡಂ ತಂದೆ ಅಲ್ವಾ ಸಾರ್?” ಎಂದು ಕೈಮುಗಿದ. ತರಕಾರಿ ಚೀಲ ಕೆಳಗಿಟ್ಟು ನಾನೂ ಕೈಮುಗಿದೆ. ಈ ವಯಸ್ಸಿನಲ್ಲಿ ನನಗೊಂದು ಹೊಸ ಹೆಸರು ಸಿಕ್ಕಿತು, ಮಗಳೇ.

ಹುಬ್ಬಳ್ಳಿಯಲ್ಲೂ ಎಲ್ಲರನ್ನೂ ಒಂದೇ ಮೇಜಿಗೆ ಕರೆ. ನಿನ್ನ ಧೈರ್ಯ ನೂರು ವರ್ಷ ಬಾಳಲಿ.

ಹೆಮ್ಮೆಯಿಂದ,
ಚೇತನಾಳ ಅಪ್ಪ ಶಂಭುಲಿಂಗಪ್ಪ