ಮಡಚಿದ ಬೆರಳು

ಅಕ್ಟೋಬರ್ ೧೪, ಬುಧವಾರ.

ಪೂರ್ವದ ಗುಡ್ಡದಲ್ಲಿ ಬಾಬಾಕುಟು ಹಾಡದೆ ಇವತ್ತಿಗೆ ನಾಲ್ಕು ದಿನ. ಐದು ಜಾತಿ ಲೀಮರ್ ಇದ್ದ ಕಾಡಿನಲ್ಲಿ ಉಳಿದದ್ದು ಅದೊಂದೇ. ಊರೇ ಅಜ್ಜ ಎನ್ನುವ ಪ್ರಾಣಿ, ಕೊಲ್ಲುವುದು ನಿಷಿದ್ಧ. ಅವನ್ನು ಎಣಿಸುವ ಕೆಲಸ ನನ್ನದು. ಅಲ್ಲೇ ಮರ ಕಡಿದು ಇದ್ದಿಲು ಸುಡುವುದು ಮೈದುನ ಝಾಫಿಯದು.

ಊಟಕ್ಕೆ ಬಂದಾಗ ಕೇಳಿದೆ.

“ಆಚೆ ಕಾಡಿಗೆ ಹೋಗಿರ್ಬೇಕು ಬಿಡಿ ಅತ್ತಿಗೆ.” ಉತ್ತರ ಮೊದಲೇ ಇಟ್ಟುಕೊಂಡು ಬಂದ ಹಾಗಿತ್ತು. ಆಚೆ ಕಾಡಿನವರೆಗೂ ಬರೀ ಬೂದಿ. ಮರದಿಂದ ಮರಕ್ಕೆ ಹಾರುವ ಅಜ್ಜ ಅದನ್ನು ದಾಟಿದ್ದು ಹೇಗೆ?

“ಕೊನೇಸಲ ಎಲ್ಲಿ ಕಂಡೆ?”

“ಅಲ್ಲಿ, ಆ ಒಂಟಿ ಮರದ ಹತ್ರ.”

ಚಮಚ ಕೆಳಗಿಟ್ಟು ತೋರಿಸಿದ. ತೋರುಬೆರಳು ಮಡಚಿಕೊಂಡಿತ್ತು. ನಾವು ಹಾಗೆ ತೋರಿಸುವುದು ಗೋರಿಗಳನ್ನು ಮಾತ್ರ. ಆ ಮರದ ಬಳಿ, ನನಗೆ ತಿಳಿದಂತೆ, ಯಾರನ್ನೂ ಹೂತಿಲ್ಲ.