ಧೂಪದ ಹೊಗೆಗೆ ಕೂಗಿ ಬಾಯಿ ಕಟ್ಟಿಸಿಕೊಂಡ ಅಲಾರಂ

ನಗರದ ಅಗ್ನಿಸುರಕ್ಷಾ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ, ನನ್ನ ತಂಗಿಯ ಮಗಳು ಬೇಗಿಮಾಯ್ ತನ್ನ ಹಸುಗೂಸಿನೊಡನೆ ಬಾಡಿಗೆಗಿರುವ ಕೋಣೆಯಲ್ಲಿ ಹೊಗೆ ಅಲಾರಂ ಸತ್ತು ಬಿದ್ದಿದೆ. ಅದನ್ನು ಸರಿಯಾಗಿಟ್ಟುಕೊಳ್ಳುವುದು ಮನೆ ಮಾಲೀಕರ ಹೊಣೆ ಎಂದು ಗಟ್ಟಿಯಾಗಿ ಹೇಳಬಲ್ಲ ಬಾಯಿ ಈ ಊರಲ್ಲಿ ತಮ್ಮದೊಂದೇ. ಅದು ತೆರೆಯಲಿ ಎಂದು ಪತ್ರಿಕೆಯಲ್ಲಿ, ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ನಾನು ಓದಿದ್ದು ಬೆಟ್ಟದ ಮೇಲಿನ ಹಳ್ಳಿಶಾಲೆಯಲ್ಲಿ. ನಮ್ಮ ಮೇಷ್ಟ್ರು ಅರ್ಜಿ ಬರೆಯುವುದನ್ನು ಕಲಿಸಿದರು, ಬರೆದರೆ ಉತ್ತರ ಬರುತ್ತದೆಂದೂ ಕಲಿಸಿದರು. ಎರಡನೆಯದರಲ್ಲಿ ಪಾಪ, ಅವರಿಗೆ ಅನುಭವ ಸಾಲದು. ಹಾಗೆಂದು ನನ್ನನ್ನು ಸಾಮಾನ್ಯನೆಂದು ತಿಳಿಯಬೇಡಿ. ಕುದುರೆ ಮೇಲೆ ಕೂತು ಸತ್ತ ಹೋತವನ್ನು ಒಬ್ಬರಿಂದೊಬ್ಬರು ಕಸಿಯುವ ಆಟದಲ್ಲಿ ನನ್ನ ಕೈಯಿಂದ ಅದನ್ನು ಕಿತ್ತುಕೊಳ್ಳುವ ಗಂಡಸು ನಮ್ಮ ಚೂಯ್ ಕಣಿವೆಯಲ್ಲಿ ಇನ್ನೂ ಹುಟ್ಟಿಲ್ಲ. ನನ್ನ ಮೂಗಂತೂ ನಾಳೆ ಬೀಳುವ ಹಿಮವನ್ನು ಇವತ್ತೇ ಹೇಳುತ್ತದೆ. ಅಂಥ ಮೂಗೂ ಮನುಷ್ಯ ಮಲಗಿದಾಗ ಮಲಗಿಬಿಡುತ್ತದೆ, ಮಾನ್ಯರೇ. ಅದಕ್ಕೇ ಅಲ್ಲವೇ ತಾವು ಕಲ್ಲಿದ್ದಲಿನ ಒಲೆಯಿರುವ ಬಾಡಿಗೆ ಮನೆಗಳಿಗೆ ಅಲಾರಂ ಹಂಚಿದ್ದು? ಬಂದಿರಿ, ಏಣಿ ಹತ್ತಿ ಫೋಟೊ ತೆಗೆಸಿಕೊಂಡಿರಿ, ಇಳಿದು ಹೋದಿರಿ. ಏಣಿ ಇಳಿದ ಮೇಲೆ ಆ ಯಂತ್ರವನ್ನು ನೋಡಿಕೊಳ್ಳುವವರು ಯಾರು ಎಂದು ಮಾತ್ರ ಹೇಳಲಿಲ್ಲ.

ಮನೆಯೊಡತಿ ಬತ್ಮಕ್ಕ ಕೆಟ್ಟವಳಲ್ಲ, ಕಷ್ಟವೇ ಅದು. ಹೆರಿಗೆಯಾದಾಗ ಮೊದಲು ಕುರಿಸಾರು ತಂದವಳು ಅವಳೇ. ಕೂಸಿಗೆ ದೃಷ್ಟಿ ತಾಗದಿರಲೆಂದು ಬಾಣಲೆಯಲ್ಲಿ ಅರ್ಚಾ ಎಂಬ ಬೆಟ್ಟದ ಮರದ ಘಮಘಮಿಸುವ ಸೊಪ್ಪು ಸುಟ್ಟು ಧೂಪ ಹಾಕಲು ಬಂದಳು. ನಮ್ಮಲ್ಲಿ ಯಾರು ತಾನೇ ಹಾಕುವುದಿಲ್ಲ? ಬಾಣಲೆ ತೊಟ್ಟಿಲ ಸುತ್ತ ಒಂದು ಸುತ್ತು ಬರುವಷ್ಟರಲ್ಲಿ ಅಲಾರಂ ಕಿರುಚಿತು. ಕೂಸೂ ಕಿರುಚಿತು.

"ನೋಡಿದ್ಯಾ, ಕೆಟ್ಟದ್ದು ಒಳಗೇ ಇತ್ತು, ಹೊಗೆ ತಡೀಲಾರ್ದೆ ಕೂಗ್ತಿದೆ!" ಎಂದಳು ಬತ್ಮಕ್ಕ.

"ಅಯ್ಯೋ ಅಕ್ಕಾ, ಹೊಗೆ ಕಂಡ್ರೆ ಕೂಗೋದೇ ಅದರ ಕೆಲ್ಸ," ಎಂದಳು ಬೇಗಿಮಾಯ್.

"ಒಳ್ಳೇ ಹೊಗೆ ಯಾವ್ದು, ಕೆಟ್ಟ ಹೊಗೆ ಯಾವ್ದು ಅಂತ ಗೊತ್ತಾಗದ ಮುಂಡೇದು ನನ್ನ ಮನೇಲಿ ಯಾಕಿರ್ಬೇಕೇ?"

ಸ್ಟೂಲು ಹತ್ತಿದಳು, ಬ್ಯಾಟರಿ ಕಿತ್ತು ಜೇಬಿಗೆ ಹಾಕಿಕೊಂಡಳು, ಇಳಿದು ಧೂಪ ಮುಂದುವರಿಸಿದಳು. ಕೇಡು ಓಡಿಸಲು ಬಂದವಳು ಕೇಡು ಬಂದಾಗ ಕೂಗಬೇಕಾದ ಕಾವಲುಗಾರನ ಬಾಯನ್ನೇ ಕಟ್ಟಿದಳು.

ಆ ವಾರವೇ, ಒಲೆಯ ಮೇಲಿನ ಹಗ್ಗದಲ್ಲಿ ಒಣಗಲು ಹಾಕಿದ್ದ ಕೂಸಿನ ಬಟ್ಟೆ ಜಾರಿ ಕಾದ ತಗಡಿನ ಮೇಲೆ ಬಿತ್ತು. ನಡುಹಗಲು. ನಿದ್ದೆಗೆಟ್ಟಿದ್ದ ಬಾಣಂತಿಗೆ ಆಗಷ್ಟೇ ಜೋಂಪು ಹತ್ತಿತ್ತು. ಬಟ್ಟೆ ಧಗಧಗ ಉರಿಯಲಿಲ್ಲ, ಸದ್ದಿಲ್ಲದೆ ಕಮರಿತು. ನಾನು ಬಿಸಿ ರೊಟ್ಟಿ ಹಿಡಿದು ಅತ್ತ ಹೋದದ್ದು ಬರೀ ಅದೃಷ್ಟ. ಬೀದಿಯಲ್ಲಿ ಸಿಕ್ಕವನಿಗೆ ನನ್ನ ಕುದುರೆ ಆಟದ ಕಥೆಯನ್ನು ಪೂರ್ತಿ ಹೇಳಿ ಹೋಗಿದ್ದರೆ (ಆ ಕಥೆ ಬಹಳ ಉದ್ದ) ಇವತ್ತು ಬೇರೆಯೇ ಪತ್ರ ಬರೆಯಬೇಕಾಗುತ್ತಿತ್ತು. ಬಾಗಿಲು ತೆಗೆದರೆ ಹೊಗೆಯಲ್ಲಿ ತೊಟ್ಟಿಲೇ ಕಾಣಲಿಲ್ಲ. ಒಂದು ಕೆಮ್ಮೂ ಕೇಳಲಿಲ್ಲ. ತಡಕಾಡಿ ಕೂಸನ್ನು ಎತ್ತಿಕೊಂಡೆ, ತಾಯಿಯನ್ನು ರಟ್ಟೆ ಹಿಡಿದು ಎಳೆದೆ. ಅಂಗಳದ ಹಿಮದಲ್ಲಿ ನಿಂತ ಮೇಲೆ ಕೂಸು ಅತ್ತಿತು. ಅದು ಅಳುವವರೆಗೆ ನಾನೂ ಉಸಿರಾಡಿರಲಿಲ್ಲ.

ಆಮೇಲೆ ನಾನೇ ಹೊಸ ಬ್ಯಾಟರಿ ಹಾಕಿದೆ. ಬತ್ಮಕ್ಕ ಹೆದರಿದ್ದಳಲ್ಲ, ಮೊದಲಿಗಿಂತ ದಟ್ಟವಾಗಿ ಧೂಪ ಹಾಕಿದಳು. ಅಲಾರಂ ಕೂಗಿತು. ಈ ಸಲ ಪೊರಕೆಯ ಏಟಿಗೆ ಯಂತ್ರವೇ ಒಡೆಯಿತು.

"ಛಾವಣಿ ನಂದು, ಯಂತ್ರ ಸರ್ಕಾರದ್ದು, ಒಲೆ ಹಚ್ಚೋಳು ನಿಮ್ಮ ಹುಡುಗಿ. ನನ್ನನ್ಯಾಕೆ ಹಿಡ್ಕೊಂಡಿದ್ದೀರಾ? ಜಾಸ್ತಿ ಮಾತಾಡಿದ್ರೆ ಮನೆ ಖಾಲಿ ಮಾಡಿಸ್ತೀನಿ," ಎಂದಳು. ಈ ಚಳಿಯಲ್ಲಿ, ಎಳೆಗೂಸು ಇರುವವರಿಗೆ ಬೇರೆ ಮನೆ ಕೊಡುವವರು ಯಾರು?

ತಮ್ಮ ಕಚೇರಿಯ ಕಿಟಕಿಗೆ ಬಂದೆ.

"ಮಾಲೀಕರೇ ಅರ್ಜಿ ಕೊಡ್ಬೇಕು. ಬಾಡಿಗೆಯವ್ರದ್ದು ತಗೊಳಲ್ಲ," ಎಂದರು ಒಳಗಿದ್ದ ಹೆಣ್ಣುಮಗಳು.

"ಮಾಲೀಕರು ಕೊಡಲ್ಲ ಅಂತಾನೇ ಬಂದಿದ್ದೀನಿ, ತಾಯಿ."

"ಹಾಗಾದ್ರೆ ಬೆಂಕಿ ಬಿದ್ಮೇಲೆ ಫೋನ್ ಮಾಡಿ ಯಜಮಾನ್ರೇ. ಅದಕ್ಕೆ ಅರ್ಜಿ ಬೇಡ."

ಎಂಥ ಉದಾರ ಇಲಾಖೆ! ಬದುಕಿರುವ ಕೂಸಿಗೆ ಅರ್ಜಿ ಬೇಕು, ಸುಟ್ಟ ಕೂಸಿಗೆ ಬೇಡ.

ನನ್ನ ಬೇಡಿಕೆ ಇಷ್ಟೇ. ಬಾಡಿಗೆ ಮನೆಯ ಅಲಾರಂ ಕೆಲಸ ಮಾಡುವಂತೆ ಇಟ್ಟುಕೊಳ್ಳುವುದು ಮಾಲೀಕರ ಹೊಣೆ, ಅದನ್ನು ಕೇಳಿದವರನ್ನು ಹೊರಹಾಕುವಂತಿಲ್ಲ ಎಂದು ಮೊಹರು ಒತ್ತಿ ಹೊರಡಿಸಿ. ಬತ್ಮಕ್ಕ ಕೆಟ್ಟ ದೃಷ್ಟಿಗಿಂತ ಮೊಹರಿಗೆ ಹೆಚ್ಚು ಹೆದರುತ್ತಾಳೆ. ಧೂಪ ನಿಲ್ಲಿಸಿ ಎನ್ನುತ್ತಿಲ್ಲ. ಬಾಗಿಲು ತೆರೆದಿಟ್ಟು ಹಾಕಲಿ. ಅಲಾರಂ ಕೂಗಿದರೆ, ಅದೂ ಕೇಡನ್ನೇ ಗದರಿಸುತ್ತಿದೆ ಎಂದುಕೊಳ್ಳಲಿ.

ಅಲ್ಲಿಯವರೆಗೆ ಆ ಮನೆಯ ಅಲಾರಂ ನಾನೇ. ತಾಯಿ, ಕೂಸು ಮಲಗಿದಾಗಲೆಲ್ಲ ಒಲೆಯ ಪಕ್ಕ ಕೂರುತ್ತೇನೆ. ದಣಿವೆಂದರೇನೆಂದು ತಿಳಿಯದವನು ನಾನು ಎಂದು ಇಡೀ ಕಣಿವೆಗೆ ಸಾರಿಕೊಂಡು ಬಂದವನು. ಈಗ ಅದೇ ಕಣಿವೆಯ ಎದುರು ಬರೆಯುತ್ತಿದ್ದೇನೆ: ನಿನ್ನೆ ತೂಕಡಿಸಿಬಿಟ್ಟೆ, ಮಾನ್ಯರೇ. ಎಚ್ಚರವಾದಾಗ ಕಣ್ಣು ಬಿಡಲು ಧೈರ್ಯ ಬರಲಿಲ್ಲ, ಮೊದಲು ಮೂಸಿ ನೋಡಿದೆ.

ಇಂತಿ,
ತಮ್ಮ ಕೆಲಸವನ್ನು ತಮ್ಮ ಬದಲಿಗೆ ಮಾಡುತ್ತ ಕಣ್ಣೆಳೆಯುತ್ತಿರುವ,
ಬೇಗಿಮಾಯ್‌ಳ ಸೋದರಮಾವ ತುರ್ದುಬೆಕ್